ಮೊದಲು ಬೇಲಿ, ಆಮೇಲೆ ಜಿಂಕೆ: ನ್ಯೂಜಿಲೆಂಡಿನಲ್ಲಿ ಫಾರ್ಮ್ ಮಾಡುವವರಿಗೆ

ನಮ್ಮಲ್ಲಿ ಜಿಂಕೆ, ಕಡವೆ ಸಾಕುತ್ತೇನೆಂದು ಹೊರಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ನ್ಯೂಜಿಲೆಂಡಿನಲ್ಲಿ ಅದು ಕುರಿ ಸಾಕಣೆಯಂತೆಯೇ ಒಂದು ಕಸುಬು. ಆದರೆ ಬೇಲಿಯ ವಿಷಯದಲ್ಲಿ ಅಲ್ಲಿ ಬಿಗಿ ಹೆಚ್ಚು, ಅದಕ್ಕೆ ಕಾರಣವೂ ಇದೆ. 19ನೇ ಶತಮಾನದಲ್ಲಿ ಬೇಟೆಯ ಶೋಕಿಗೆಂದು ತಂದು ಬಿಟ್ಟ ಕೆಂಪು ಜಿಂಕೆ, ಹುಲಿ ಚಿರತೆಗಳಿಲ್ಲದ ನಾಡಿನಲ್ಲಿ ಹೆಚ್ಚಿಕೊಂಡು ಕಾಡನ್ನೇ ಮೇದು ಹಾಕಿತು. 1930ರ ದಶಕದಿಂದ ಸರಕಾರವೇ ಸಂಬಳದ ಬೇಟೆಗಾರರನ್ನಿಟ್ಟು ಕೊಲ್ಲಿಸಿತು. ಸಾಕಲು ಮೊದಲ ಪರವಾನಗಿ ಸಿಕ್ಕಿದ್ದು 1970ರಲ್ಲಿ. ತಪ್ಪಿಸಿಕೊಂಡ ಜಿಂಕೆ ಅವರ ಕಣ್ಣಿಗೆ ಇವತ್ತಿಗೂ ಪೀಡೆಯೇ.

ಜಾಗ ನೋಡುವಾಗ

ಐದು ಹೆಕ್ಟೇರಿಗಿಂತ ದೊಡ್ಡ ಜಮೀನು ಕೊಳ್ಳಲು ವಿದೇಶಿಯರಿಗೆ ಸರಕಾರದ ಒಪ್ಪಿಗೆ ಬೇಕು. ಅದಾದ ಮೇಲೆ ಸಂರಕ್ಷಣಾ ಇಲಾಖೆಯ ಸ್ಥಳೀಯ ಕಚೇರಿಗೆ ಹೋಗಿ, ಯಾವ ಜಾತಿಯ ಜಿಂಕೆಯನ್ನು ಎಲ್ಲಿ ಸಾಕುತ್ತೀರೆಂದು ತಿಳಿಸಿ. 1977ರ ಕಾಡುಪ್ರಾಣಿ ನಿಯಂತ್ರಣ ಕಾಯ್ದೆಯ ಪ್ರಕಾರ ಕೆಲವು ಪ್ರದೇಶದಲ್ಲಿ ಕೆಲವು ಜಾತಿಗೆ ಪ್ರತ್ಯೇಕ ಪರವಾನಗಿ ಬೇಡ, ಉಳಿದೆಡೆ ಬೇಕೇ ಬೇಕು. ಬೇಲಿಯ ಷರತ್ತುಗಳನ್ನು ಅಲ್ಲೇ ಬರೆಸಿಕೊಳ್ಳಿ. ಜಮೀನು ಮಾರುವವನ ಮಾತು ಇಲ್ಲಿ ಲೆಕ್ಕಕ್ಕೆ ಬಾರದು.

ಪಕ್ಕದ ಜಮೀನಿನವರು

1978ರ ಬೇಲಿ ಕಾಯ್ದೆಯಂತೆ ಗಡಿಬೇಲಿಯ ಖರ್ಚನ್ನು ಸಾಮಾನ್ಯವಾಗಿ ಇಬ್ಬರೂ ಅರ್ಧರ್ಧ ಹೊರಬೇಕು. ಕೆಲಸಕ್ಕೆ ಮೊದಲು ಲಿಖಿತ ನೋಟಿಸು ಕೊಟ್ಟರೆ, ತಕರಾರಿದ್ದವರು 21 ದಿನದೊಳಗೆ ಹೇಳಬೇಕು. ಆದರೆ ಕಾಯ್ದೆ ಕೇಳುವುದು ಆ ಜಾಗದ ಬಳಕೆಗೆ ‘ಸಾಕಷ್ಟು’ ಎನ್ನುವಂಥ ಬೇಲಿಯನ್ನು ಮಾತ್ರ. ಕುರಿ ಸಾಕುವವರಿಂದ ನಿಮ್ಮ ಎತ್ತರದ ಜಿಂಕೆಬೇಲಿಗೆ ಅರ್ಧ ದುಡ್ಡು ಕೇಳುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಹೆಚ್ಚುವರಿ ಖರ್ಚು ನಿಮ್ಮದೆಂದು ಮೊದಲೇ ಹೇಳಿಬಿಡಿ.

ಬೇಲಿ ಹಾಕುವುದು

ಅಂಗಡಿಯಲ್ಲಿ ಜಾಲರಿಯ ಸುರುಳಿಯ ಮೇಲೆ 13/190/15 ಎಂದು ಬರೆದಿರುತ್ತದೆ. ಅಡ್ಡ ತಂತಿ 13, ಎತ್ತರ 190 ಸೆಂಟಿಮೀಟರ್, ಉದ್ದ ತಂತಿಗಳ ನಡುವಿನ ಅಂತರ 15 ಸೆಂಟಿಮೀಟರ್ ಎಂದರ್ಥ. ಮರಿಗಳಿರುವ ಕಡೆ 17/190/15 ಜಾಲರಿ ಒಳ್ಳೆಯದು, ಅದರ ಕಣ್ಣು ಕಿರಿದು. ಕಂಬ 2.7 ಮೀಟರಿನದಿರಲಿ, ಮುಕ್ಕಾಲು ಮೀಟರಿನಷ್ಟು ನೆಲದೊಳಗೆ ಹೋಗಲಿ. ಮಣ್ಣಿನಲ್ಲಿ ಹೂಳುವ ಮರಕ್ಕೆ ಎಚ್4 ದರ್ಜೆಯ ಸಂಸ್ಕರಣೆ ಆಗಿರಬೇಕು. ಜಾಲರಿಯನ್ನು ಜಿಂಕೆಗಳಿರುವ ಮಗ್ಗುಲಿಗೆ ಹೊಡೆಯಿರಿ. ಹೊರಗಿನಿಂದ ಹೊಡೆದರೆ ಜಿಂಕೆ ನುಗ್ಗಿದಾಗಲೆಲ್ಲ ಮೊಳೆ ಕಿತ್ತು ಬರುತ್ತದೆ. ಮುಳ್ಳುತಂತಿಯ ಯೋಚನೆಯೇ ಬೇಡ, ಹೆದರಿ ಓಡುವ ಜಿಂಕೆಯ ಮೈ ಹರಿದು ಹೋಗುತ್ತದೆ.

ಜಿಂಕೆ ಹಾರುತ್ತದೆಂದು ಎಲ್ಲರೂ ಮೇಲೆ ನೋಡುತ್ತಾರೆ. ನೋಡಬೇಕಾದದ್ದು ಕೆಳಗೂ ಇದೆ. ಕೊರಕಲು, ಹಳ್ಳ, ಏರುಪೇರಿನಲ್ಲಿ ಜಾಲರಿಯ ಬುಡಕ್ಕೂ ನೆಲಕ್ಕೂ ನಡುವೆ ಸಂದು ಉಳಿದರೆ ಮರಿಗಳು ಅಲ್ಲಿಂದಲೇ ನುಸುಳುತ್ತವೆ. ಹಳ್ಳಕ್ಕೆ ಅಡ್ಡಲಾಗಿ ಗಟ್ಟಿ ಬೇಲಿ ಕಟ್ಟಬೇಡಿ. ನೆರೆ ಬಂದಾಗ ತೂಗಿ ಮೇಲೇಳುವ, ನೀರಿಳಿದಾಗ ಮತ್ತೆ ಬೀಳುವ ಗೇಟು ಇಳಿಬಿಡಿ. ಬೇಲಿಯ ಮೇಲೆ ಬೀಳಬಹುದಾದ ಮರಗಳನ್ನೂ ಒಮ್ಮೆ ಗುರುತು ಮಾಡಿಟ್ಟುಕೊಳ್ಳಿ.

ಇನ್ನೊಂದು ಕಾಟವಿದೆ. ಅಲ್ಲಿ ಮಾರ್ಚ್–ಏಪ್ರಿಲ್ ಬೆದೆಯ ಕಾಲ. ಆಗ ಗಂಡುಗಳು, ನವೆಂಬರ್–ಡಿಸೆಂಬರಿನಲ್ಲಿ ಈಯುವ ಮೊದಲು ಹೆಣ್ಣುಗಳು, ಬೇಲಿಯುದ್ದಕ್ಕೂ ಅತ್ತಿತ್ತ ಓಡಾಡಿ ನೆಲವನ್ನು ಬೋಳು ಮಾಡುತ್ತವೆ. ಮಳೆ ಬಂದರೆ ಆ ಮಣ್ಣು ಹಳ್ಳಕ್ಕೆ. ಒಳಬದಿಗೆ ಒಂದು ವಿದ್ಯುತ್ ತಂತಿ (ನಮ್ಮ ಮಲೆನಾಡಿನವರು ಐಬೆಕ್ಸ್ ಎನ್ನುವುದು) ಎಳೆದರೆ ಕೊಂಚ ದೂರವಿರುತ್ತವೆ. ಗದ್ದಲದ ರಸ್ತೆ, ನಾಯಿಗೂಡು ಕಾಣುವ ಕಡೆ ಈಯುವ ಹೆಣ್ಣುಗಳನ್ನು ಬಿಡದಿರುವುದು ಅದಕ್ಕಿಂತಲೂ ಒಳ್ಳೆಯ ಉಪಾಯ.

ಹೊಳೆಗೂ ಒಂದು ಬೇಲಿ

ಸಾಕುಪ್ರಾಣಿಗಳನ್ನು ಕೆರೆ ಹೊಳೆಗಳಿಂದ ದೂರವಿಡುವ 2020ರ ನಿಯಮಾವಳಿಯಲ್ಲಿ ದನ, ಹಂದಿಯ ಜೊತೆ ಜಿಂಕೆಯ ಹೆಸರೂ ಇದೆ. ನಿಯಮ ಅನ್ವಯಿಸುವ ಜಮೀನಿನಲ್ಲಿ ಕೆರೆಯಿಂದ, ಒಂದು ಮೀಟರಿಗಿಂತ ಅಗಲದ ಹೊಳೆಯಿಂದ ಮೂರು ಮೀಟರ್ ಆಚೆಗೇ ಪ್ರಾಣಿಗಳನ್ನು ತಡೆಯಬೇಕು. ನಿಮ್ಮ ಜಮೀನಿಗೆ ಎಷ್ಟು ಅನ್ವಯಿಸುತ್ತದೆಂದು ಪ್ರಾದೇಶಿಕ ಕೌನ್ಸಿಲ್ ಹೇಳುತ್ತದೆ.

ಇಷ್ಟಾದ ಮೇಲೆ ಗಡಿಯುದ್ದಕ್ಕೂ ಒಮ್ಮೆ ನಡೆದು ನೋಡಿ, ಆಮೇಲೆ ಜಿಂಕೆಗೆ ಮುಂಗಡ ಕೊಡಿ. ಬಂದ ಪ್ರತಿ ಜಿಂಕೆಯ ಲೆಕ್ಕವೂ ನೇಟ್ (NAIT) ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಇರಬೇಕು. ಹುಟ್ಟಿದ ಮರಿಗೆ 180 ದಿನದೊಳಗೆ ಕಿವಿಗೆ ಟ್ಯಾಗ್ ಹಾಕಿಸಬೇಕು. ಅದಕ್ಕೂ ಮೊದಲೇ ಫಾರ್ಮಿನಿಂದ ಸಾಗಿಸುವುದಾದರೆ, ಲಾರಿ ಹತ್ತಿಸುವ ಮುಂಚೆಯೇ.