ಡಬ್ಬಿ ಹುಡುಕಲು ಹೊರಡುವ ಮುನ್ನ: ನಕ್ಷೆಗೆ ಕೇಳಬೇಕಾದ ಪ್ರಶ್ನೆಗಳು

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ನೆಲೆಸಿರುವ ನಮ್ಮ ಮಕ್ಕಳೇ, ಶನಿವಾರ ಭಾನುವಾರ ಜಿಯೋಕ್ಯಾಶಿಂಗ್ ಎಂದು ಮನೆಯಿಂದ ಹೊರಬೀಳುತ್ತಿದ್ದೀರಿ, ಸಂತೋಷ. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ ರೇಖಾಂಶ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುವ ಈ ಆಟ ಹುಟ್ಟಿದ್ದು ನಿಮ್ಮ ನೆರೆಯ ರಾಜ್ಯದಲ್ಲೇ. ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬವರು ಒರೆಗಾನ್‌ನ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಅದಿರುವ ಜಾಗದ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರು.

ಊರಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವನು ನಾನು. ಮಗಳ ಮನೆಗೆ ಬಂದಾಗಲೆಲ್ಲ ಮೊಮ್ಮಕ್ಕಳ ಹಿಂದೆ ನಾನೂ ಹೊರಡುತ್ತೇನೆ. ನಾನು ಕಂಡ ಮಟ್ಟಿಗೆ, ಡಬ್ಬಿಯ ಬುಡದಲ್ಲಿ ನಿಂತು ಸೋತವರಿಗಿಂತ ಅಲ್ಲಿಯವರೆಗೆ ಹೋಗಲಾಗದೆ ವಾಪಸು ಬಂದವರೇ ಹೆಚ್ಚು. ಪರದೆಯ ಮೇಲಿನ ಚುಕ್ಕೆ ಡಬ್ಬಿ ಎಲ್ಲಿದೆ ಎನ್ನುತ್ತದೆಯೇ ಹೊರತು ನೀವು ಹೋಗುವುದು ಹೇಗೆ ಎನ್ನುವುದಿಲ್ಲ. ಅದಕ್ಕೆ ಒಂದೇ ನಕ್ಷೆ ಸಾಲದು. ಒಂದೊಂದು ನಕ್ಷೆಗೂ ಅದಕ್ಕೆ ಗೊತ್ತಿರುವ ಪ್ರಶ್ನೆಯನ್ನೇ ಕೇಳಬೇಕು.

ಉದಾಹರಣೆಗೆ, ಈ ಆಟದವರು ತೀರ್ಥಯಾತ್ರೆಯ ಹಾಗೆ ಮಾಡುವ ಮೂರು ಜಾಗಗಳನ್ನೇ ತೆಗೆದುಕೊಳ್ಳೋಣ: ಬೀವರ್‌ಕ್ರೀಕ್‌ನಲ್ಲಿರುವ ಮೊದಲ ಡಬ್ಬಿಯ ಸ್ಮಾರಕ ಫಲಕ, ಸಿಯಾಟಲ್‌ನ ಫ್ರೀಮಾಂಟ್‌ನಲ್ಲಿರುವ ಜಿಯೋಕ್ಯಾಶಿಂಗ್ ಕೇಂದ್ರ ಕಚೇರಿ, ಸ್ನೋಕ್ವಾಲ್ಮಿ ಸುರಂಗದಾಚೆಯ ‘ಏಪ್’ ಡಬ್ಬಿ. ಕೊನೆಯದು 2001ರಲ್ಲಿ ‘ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರದ ಪ್ರಚಾರಕ್ಕೆಂದು ಇಟ್ಟವುಗಳಲ್ಲಿ ಒಂದು.

• ಅಂಕಿ ಯಾವ ಕ್ರಮದಲ್ಲಿದೆ ಎಂದು ಮೊದಲು ನೋಡಿ. ಈ ಆಟದಲ್ಲಿ ಜಾಗವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಬರೆಯುತ್ತಾರೆ. ಬೀವರ್‌ಕ್ರೀಕ್‌ನ ಮೊದಲ ಡಬ್ಬಿ ಉತ್ತರ 45° 17.460, ಪಶ್ಚಿಮ 122° 24.800. ಗೂಗಲ್ ಮ್ಯಾಪ್ ತಾನಾಗಿ ತೋರಿಸುವುದು ದಶಮಾಂಶ ಡಿಗ್ರಿಯನ್ನು. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿದರೆ 45.29100, 122.41333 ಬರುತ್ತದೆ. ಭಾಗಿಸುವುದನ್ನು ಬಿಟ್ಟು 45.17460, 122.24800 ಎಂದು ಒತ್ತಿದಿರೋ, ಸುಮಾರು 18 ಕಿ.ಮೀ. ಆಚೆ ಹೋಗಿ ನಿಲ್ಲುತ್ತೀರಿ. ಅಲ್ಲೂ ರಸ್ತೆ, ಮರ, ಪೊದೆ ಎಲ್ಲ ಇರುವುದರಿಂದ ತಪ್ಪಿದ್ದು ಗೊತ್ತಾಗುವುದೂ ಇಲ್ಲ.

• ಪಶ್ಚಿಮಕ್ಕೆ ಮೈನಸ್ ಚಿಹ್ನೆ ಮರೆಯಬೇಡಿ. ಬೆಂಗಳೂರು, ಮೈಸೂರಿನ ಅಂಕಿಗಳು ಉತ್ತರ ಮತ್ತು ಪೂರ್ವದವು. ಅಲ್ಲಿ ಮೈನಸ್ಸಿನ ಗೊಡವೆಯೇ ಇಲ್ಲ, ಹಾಗಾಗಿ ನಮ್ಮ ಕೈಗೆ ಆ ಅಭ್ಯಾಸವಿಲ್ಲ. ಅಮೆರಿಕದಲ್ಲಿ ರೇಖಾಂಶದ ಹಿಂದೆ ಮೈನಸ್ ಹಾಕದಿದ್ದರೆ ಬೀವರ್‌ಕ್ರೀಕ್‌ನ ಚುಕ್ಕೆ ಚೀನಾದ ಈಶಾನ್ಯಕ್ಕೆ ಹಾರುತ್ತದೆ. ಇದು ಕಣ್ಣಿಗೆ ಹೊಡೆಯುವ ತಪ್ಪು, ಕೂಡಲೇ ತಿದ್ದಿಕೊಳ್ಳಬಹುದು. ಹಿಂದೆ ಹೇಳಿದ 18 ಕಿ.ಮೀ. ತಪ್ಪೇ ಅಪಾಯದ್ದು.

• ನಕ್ಷೆ ತೆರೆಯುವ ಮೊದಲು ಡಬ್ಬಿಯ ವಿವರ ಪೂರ್ತಿ ಓದಿ. ಪ್ರಶ್ನೆ ಚಿಹ್ನೆ ಇರುವುದು ಒಗಟಿನ ಡಬ್ಬಿ. ನಕ್ಷೆಯಲ್ಲಿ ಕಾಣುವ ಚುಕ್ಕೆಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಒಗಟು ಬಿಡಿಸಿದ ಮೇಲೆ ನಿಜವಾದ ಅಂಕಿ ಸಿಗುತ್ತದೆ. ಹಲವು ಹಂತದ ಡಬ್ಬಿಯಾದರೆ ಆ ಚುಕ್ಕೆ ಮೊದಲ ಹಂತ ಮಾತ್ರ. ಜತೆಗೆ ಎರಡು ಅಂಕಗಳಿರುತ್ತವೆ, ಎರಡೂ 1ರಿಂದ 5ರವರೆಗೆ: ಹುಡುಕುವ ಕಷ್ಟಕ್ಕೆ ಒಂದು, ನೆಲದ ಕಷ್ಟಕ್ಕೆ ಇನ್ನೊಂದು. ನೆಲದ ಅಂಕ 1 ಎಂದರೆ ಗಾಲಿಕುರ್ಚಿಯೂ ಹೋಗಬಲ್ಲ ಜಾಗ. 5 ಎಂದರೆ ದೋಣಿಯೋ ಹಗ್ಗವೋ ಬೇಕು. ಕೈಗೂಸಿನ ಗಾಡಿ ಇದ್ದರೆ, ಅಥವಾ ಮಂಡಿನೋವಿನ ನನ್ನಂಥವರು ಜತೆಗಿದ್ದರೆ, ಒಂದೂವರೆ ದಾಟದ ಡಬ್ಬಿಗಳನ್ನಷ್ಟೇ ಆರಿಸಿಕೊಳ್ಳಿ.

• ಇತ್ತೀಚೆಗೆ ಹೋಗಿ ಬಂದವರ ಬರಹ ನೋಡಿ. ಸಾಲಾಗಿ ಮೂರು ನಾಲ್ಕು ಮಂದಿ ‘ಸಿಗಲಿಲ್ಲ’ ಎಂದು ಬರೆದಿದ್ದರೆ ಡಬ್ಬಿ ಕಳೆದುಹೋಗಿರಬಹುದು. ಮಕ್ಕಳನ್ನು ಕರೆದುಕೊಂಡು ಅಂಥದ್ದಕ್ಕೆ ಹೋಗಬೇಡಿ.

• ಡಬ್ಬಿಗಿಂತ ಮೊದಲು ಕಾರು ನಿಲ್ಲಿಸುವ ಜಾಗ ಹುಡುಕಿ. ಗೂಗಲ್‌ಗೆ ಡಬ್ಬಿಯ ಅಂಕಿಯನ್ನೇ ಕೊಟ್ಟು ‘ದಾರಿ ತೋರಿಸು’ ಎಂದರೆ, ಅದು ಚುಕ್ಕೆಗೆ ಹತ್ತಿರದ ರಸ್ತೆಗೆ ಕರೆದೊಯ್ಯುತ್ತದೆ. ಆ ರಸ್ತೆಗೂ ಡಬ್ಬಿಗೂ ನಡುವೆ ಹೊಳೆ ಇದೆಯೋ ಬೇಲಿ ಇದೆಯೋ ಅದಕ್ಕೆ ಲೆಕ್ಕವಿಲ್ಲ. ಡಬ್ಬಿ ಇಟ್ಟವರು ಪಾರ್ಕಿಂಗ್‌ನ ಅಂಕಿಯನ್ನೂ ಟ್ರೇಲ್ ಶುರುವಾಗುವ ಜಾಗವನ್ನೂ ಎಷ್ಟೋ ಸಲ ಬೇರೆಯಾಗಿ ಕೊಟ್ಟಿರುತ್ತಾರೆ. ಗೂಗಲ್‌ಗೆ ಕೊಡಬೇಕಾದದ್ದು ಅದನ್ನು. ಆಮೇಲೆ ಸ್ಟ್ರೀಟ್ ವ್ಯೂನಲ್ಲಿ ಇಳಿದು ನೋಡಿ: ಗೇಟ್ ಇದೆಯೇ, ‘ಪಾರ್ಕಿಂಗ್ ಇಲ್ಲ’ ಫಲಕ ಇದೆಯೇ, ರಸ್ತೆ ಬದಿಯಲ್ಲಿ ಕಾರು ನಿಲ್ಲುವಷ್ಟು ಅಗಲ ಇದೆಯೇ.

• ಪಾರ್ಕಿಂಗ್ ಯಾರ ಜಾಗ ಎಂಬುದನ್ನೂ ತಿಳಿಯಿರಿ. ಏಪ್ ಡಬ್ಬಿಗೆ ಎರಡು ದಾರಿ. ಐ-90ರ 54ನೇ ಎಗ್ಸಿಟ್‌ನಲ್ಲಿ ಹಯಾಕ್‌ಗೆ ಹೋದರೆ ಅದು ರಾಜ್ಯದ ಉದ್ಯಾನ, ‘ಡಿಸ್ಕವರ್ ಪಾಸ್’ ಬೇಕು. 47ನೇ ಎಗ್ಸಿಟ್‌ನಲ್ಲಿ ಆನೆಟ್ ಲೇಕ್ ಟ್ರೇಲ್‌ಗೆ ಹೋದರೆ ಅದು ಕೇಂದ್ರ ಅರಣ್ಯ ಇಲಾಖೆಯದು, ‘ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್’ ಬೇಕು. ಒಂದರ ಪಾಸ್ ಇನ್ನೊಂದಕ್ಕೆ ನಡೆಯುವುದಿಲ್ಲ.

• ನೇರ ದೂರವನ್ನು ನಡೆಯುವ ದೂರ ಎಂದುಕೊಳ್ಳಬೇಡಿ. ಆ್ಯಪ್ ತೋರಿಸುವ ಮೀಟರ್ ಲೆಕ್ಕ ಕಾಗೆ ಹಾರುವ ದಾರಿಯದು. ಹಯಾಕ್‌ನಲ್ಲಿ ನಿಂತು ಉಪಗ್ರಹ ಚಿತ್ರ ನೋಡಿದರೆ ಟ್ರೇಲ್ ಬೆಟ್ಟದ ಅಡಿಗೆ ಹೋಗಿ ಕಾಣೆಯಾಗುತ್ತದೆ. ಅದು ಹಳೆಯ ರೈಲು ಸುರಂಗ, ಸುಮಾರು 3.7 ಕಿ.ಮೀ. ಉದ್ದ, ಒಳಗೆ ದೀಪವಿಲ್ಲ, ಬೇಸಿಗೆಯಲ್ಲೂ ಚಳಿ. ಡಬ್ಬಿ ಇರುವುದು ಪಶ್ಚಿಮದ ಬಾಯಿ ದಾಟಿದ ಮೇಲೆ. ಹೋಗಿ ಬರುವುದು ಸೇರಿ ಏಳೂವರೆ ಕಿ.ಮೀ.ಗೂ ಹೆಚ್ಚು ನಡಿಗೆ. ಟಾರ್ಚ್, ಸ್ವೆಟರ್ ಎರಡೂ ಬೇಕೆಂಬುದು ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ.

• ಕಾಲುದಾರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೇಳಿ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದ ಈ ನಕ್ಷೆಯನ್ನು ಜನರೇ ತಿದ್ದುತ್ತಾ ಬೆಳೆಸಿದ್ದಾರೆ. ಕಾರಿನ ರಸ್ತೆಗೆ ಗೂಗಲ್ ಗಟ್ಟಿ. ಕಾಲುದಾರಿ, ಕಾಲುಸಂಕ, ಮೆಟ್ಟಿಲುಗಳಿಗೆ ಅನೇಕ ಕಡೆ ಇದೇ ವಾಸಿ.

• ಏರು ಎಷ್ಟು ಎಂಬುದಕ್ಕೆ ಸಮೋನ್ನತಿ ರೇಖೆ ನೋಡಿ. ಓಪನ್‌ಟೋಪೋಮ್ಯಾಪ್‌ನಂಥ ನಕ್ಷೆಯಲ್ಲಿ ಆ ಕಂದು ಗೆರೆಗಳು ಸಿಗುತ್ತವೆ. ಹೈಸ್ಕೂಲಿನಲ್ಲಿ ನೀವು ಬಾಯಿಪಾಠ ಮಾಡಿದ್ದೇ: ಗೆರೆಗಳು ಒತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಇಳಿಜಾರು ಸೌಮ್ಯ. ಟ್ರೇಲ್ ಬಿಟ್ಟು ಡಬ್ಬಿಯತ್ತ ಸರಿಯುವ ಕೊನೆಯ ನೂರು ಮೀಟರಿನಲ್ಲಿ ಎಷ್ಟು ಗೆರೆ ದಾಟಬೇಕು ಎಂದು ಎಣಿಸಿಕೊಂಡರೆ, ಯಾವ ಚಪ್ಪಲಿ, ಯಾರು ಜತೆಗೆ ಎಂಬುದು ಮನೆಯಲ್ಲೇ ತೀರ್ಮಾನವಾಗುತ್ತದೆ.

• ಉಪಗ್ರಹ ಚಿತ್ರವನ್ನು ಮಿತಿಯಲ್ಲಿ ನಂಬಿ. ಅದು ಹಳೆಯದಿರಬಹುದು, ಕೆಲವು ಮೀಟರ್ ಸರಿದಿರಲೂಬಹುದು. ವಾಷಿಂಗ್ಟನ್, ಒರೆಗಾನ್‌ಗಳ ನಿತ್ಯಹಸಿರು ಮರಗಳಡಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಬಯಲು, ಕೆರೆಯಂಚು, ಕಟ್ಟಡ ನೋಡಲು ಒಳ್ಳೆಯದು. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರವನ್ನೂ ತೆರೆದು ಹೋಲಿಸಿ. ಹೊಸ ಬೇಲಿ, ಹೊಸ ಮನೆ ಬಂದಿದ್ದರೆ ತಿಳಿಯುತ್ತದೆ.

• ಜಮೀನು ಯಾರದೆಂದು ಗೊತ್ತಾಗದಿದ್ದರೆ ಕಾಲಿಡಬೇಡಿ. ಅಮೆರಿಕದ ಬಹುತೇಕ ಕೌಂಟಿಗಳು ಜಮೀನಿನ ಗಡಿ ತೋರಿಸುವ ನಕ್ಷೆಯನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಸಿಯಾಟಲ್ ಇರುವ ಕಿಂಗ್ ಕೌಂಟಿಯದು ‘ಪಾರ್ಸೆಲ್ ವ್ಯೂವರ್’. ಸರಿಯಾಗಿ ಇಟ್ಟ ಡಬ್ಬಿ ಅನುಮತಿ ಇರುವ ಜಾಗದಲ್ಲೇ ಇರುತ್ತದೆ, ಆದರೆ ನೀವು ಹಿಡಿದ ಅಡ್ಡದಾರಿ ಇನ್ನೊಬ್ಬರ ಹಿತ್ತಲಾಗಬಾರದು.

• ಯಾರ ಕಿಟಕಿ ಆ ಕಡೆ ತೆರೆಯುತ್ತದೆ ಎಂದು ನೋಡಿಟ್ಟುಕೊಳ್ಳಿ. ಇದನ್ನು ನೇರವಾಗಿಯೇ ಹೇಳುತ್ತೇನೆ. ಪೊದೆಯಲ್ಲಿ ಕೈಯಾಡಿಸುವ ಅಪರಿಚಿತರನ್ನು ಕಂಡರೆ ನೆರೆಯವರು ಪೊಲೀಸರಿಗೆ ಫೋನ್ ಮಾಡುವುದುಂಟು, ನಮ್ಮ ಬಣ್ಣದವರಾದರೆ ಅನುಮಾನ ಬೇಗ ಹುಟ್ಟುವುದೂ ಉಂಟು. ಶಾಲೆ, ಮಕ್ಕಳ ಆಟದ ಮೈದಾನ, ವಿದ್ಯುತ್ ಕೇಂದ್ರದ ಪಕ್ಕದ ಡಬ್ಬಿಗಳನ್ನು ಒಬ್ಬೊಬ್ಬರೇ ಹುಡುಕಬೇಡಿ, ಕತ್ತಲಲ್ಲಂತೂ ಬೇಡವೇ ಬೇಡ. ಯಾರಾದರೂ ಕೇಳಿದರೆ ತಡವರಿಸದೆ ಇದ್ದದ್ದು ಹೇಳಿ, ಫೋನಿನಲ್ಲಿ ಡಬ್ಬಿಯ ವಿವರ ತೋರಿಸಿ. ಪೊಲೀಸರು ಬಂದರೆ ಕೈ ಕಾಣುವಂತಿರಲಿ, ಮಾತು ಮೆತ್ತಗಿರಲಿ.

• ತಿಂಗಳು ಯಾವುದು ಎಂದು ನಕ್ಷೆ ಹೇಳುವುದಿಲ್ಲ, ನೀವೇ ಕೇಳಿಕೊಳ್ಳಿ. ಸ್ನೋಕ್ವಾಲ್ಮಿ ಸುರಂಗವನ್ನು ನವೆಂಬರ್ ಆರಂಭದಿಂದ ಏಪ್ರಿಲ್ ಕೊನೆಯವರೆಗೆ ಮುಚ್ಚುತ್ತಾರೆ. ನಕ್ಷೆಯಲ್ಲಿ ಗೆರೆ ಮಾತ್ರ ವರ್ಷವಿಡೀ ಹಾಗೇ ಇರುತ್ತದೆ. ಕಾಡಿನ ರಸ್ತೆಗಳೂ ಅಷ್ಟೇ, ಹಿಮ ಬಿದ್ದರೆ ಮುಗಿಯಿತು. ಬೆಳಕಿನ ಲೆಕ್ಕವೂ ಬೇರೆ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗುವ ಹೊತ್ತು ಒಂದು ಗಂಟೆಯಷ್ಟು ಮಾತ್ರ ಹಿಂದೆಮುಂದೆ. ಸಿಯಾಟಲ್‌ನಲ್ಲಿ ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂ ಇಪ್ಪತ್ತಕ್ಕೇ ಮುಳುಗುತ್ತದೆ, ಕಣಿವೆಯಲ್ಲಿ ಇನ್ನೂ ಬೇಗ. ಊರಿನ ಲೆಕ್ಕದಲ್ಲಿ ಊಟ ಮುಗಿಸಿ ಹೊರಟರೆ ಕಾಡಲ್ಲೇ ಕತ್ತಲಾಗುತ್ತದೆ.

• ಮೂರೂ ಜಾಗ ಒಂದೇ ದಿನ ಎಂಬ ಹಟ ಬೇಡ. ಮಾಡುವವರಿದ್ದಾರೆ, ನಿಜ. ಆದರೆ ಹಯಾಕ್ ಸಿಯಾಟಲ್‌ನ ಪೂರ್ವಕ್ಕೆ, ಬೀವರ್‌ಕ್ರೀಕ್ ದಕ್ಷಿಣಕ್ಕೆ ಸುಮಾರು 300 ಕಿ.ಮೀ. ಗೂಗಲ್ ಮ್ಯಾಪ್‌ನಲ್ಲಿ ‘ಈಗ ಹೊರಟರೆ’ ಎಂಬುದನ್ನು ಬಿಟ್ಟು, ನೀವು ನಿಜವಾಗಿ ಹೊರಡುವ ದಿನ, ಗಂಟೆ ಹಾಕಿ ನೋಡಿ. ಟಕೋಮಾ, ಪೋರ್ಟ್‌ಲ್ಯಾಂಡ್‌ಗಳ ಟ್ರಾಫಿಕ್ ಸೇರಿದಾಗ ಗಂಟೆಗಳು ಎಷ್ಟು ಉದ್ದವಾಗುತ್ತವೆ ಎಂದು ಕಾಣುತ್ತದೆ. ಕೇಂದ್ರ ಕಚೇರಿಗೆ ಭೇಟಿಯ ಸಮಯ ಮೊದಲೇ ಗೊತ್ತುಮಾಡಿಕೊಂಡು ಹೋಗಿ.

• ಹತ್ತಿರ ಹತ್ತಿರದವನ್ನು ಒಂದು ಸುತ್ತಿನಲ್ಲಿ ಪೋಣಿಸಿ. ನೆಲದ ಮೇಲಿನ ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕೆಂಬ ನಿಯಮವಿದೆ. ಆದ್ದರಿಂದ ಒಂದು ದೊಡ್ಡ ಪಾರ್ಕಿನಲ್ಲೇ ಹಲವು ಸಿಗಬಹುದು. ಹೋದ ದಾರಿಯಲ್ಲೇ ಮರಳದೆ ಸುತ್ತಿ ಬರುವ ಟ್ರೇಲ್ ಆರಿಸಿ, ಮಕ್ಕಳಿಗೆ ಬೇಸರವಾಗುವುದಿಲ್ಲ.

• ಮನೆಯ ವೈಫೈನಲ್ಲೇ ನಕ್ಷೆ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಡ, ಅದರ ಸಂಕೇತ ನೇರ ಆಕಾಶದಿಂದ ಬರುತ್ತದೆ. ನೆಟ್‌ವರ್ಕ್ ಬೇಕಾದದ್ದು ನಕ್ಷೆಯ ಚಿತ್ರಕ್ಕೆ. ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಆ ಭಾಗ ಆಫ್‌ಲೈನ್ ಇಲ್ಲದಿದ್ದರೆ ನೀಲಿ ಚುಕ್ಕೆ ಖಾಲಿ ಹಾಳೆಯ ಮೇಲೆ ಓಡಾಡುತ್ತದೆ. ಡಬ್ಬಿಯ ವಿವರ, ಸುಳಿವು, ಪಾರ್ಕಿಂಗ್ ಅಂಕಿಗಳನ್ನೂ ಉಳಿಸಿಕೊಳ್ಳಿ. ಸುರಂಗದೊಳಗೆ ಜಿಪಿಎಸ್ಸೂ ಇಲ್ಲ ಎಂಬುದು ನೆನಪಿರಲಿ. ಪವರ್ ಬ್ಯಾಂಕ್ ಚೀಲದಲ್ಲಿರಲಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿರುವವರಿಗೆ ಪಾರ್ಕಿಂಗ್‌ನ ಪಿನ್ ಸಮೇತ ಕಳಿಸಿ ಹೊರಡಿ.

• ಕೊನೆಯ ಹತ್ತು ಮೀಟರಿಗೆ ಫೋನ್ ಜೇಬಿಗೆ ಹಾಕಿ. ನಿಮಿಷದ ಮೂರನೆಯ ದಶಮಾಂಶ ಎಂದರೆ ಉತ್ತರ ದಕ್ಷಿಣವಾಗಿ ಸುಮಾರು 1.85 ಮೀಟರ್. ಬರಹದಲ್ಲಿ ಅಂಕಿ ಅಷ್ಟು ಸೂಕ್ಷ್ಮ, ಆದರೆ ಇಟ್ಟವರ ಉಪಕರಣದಲ್ಲಿ ಕೆಲವು ಮೀಟರ್, ನಿಮ್ಮ ಫೋನಿನಲ್ಲಿ ಕೆಲವು ಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಎತ್ತರದ ಮರ, ಬಂಡೆಗಳ ನಡುವೆ ಅದು ಇನ್ನೂ ಹಿಗ್ಗುತ್ತದೆ. ಬಾಣದ ಹಿಂದೆ ಸುತ್ತುವುದು ಬಿಟ್ಟು, ‘ನಾನಾಗಿದ್ದರೆ ಎಲ್ಲಿ ಬಚ್ಚಿಡುತ್ತಿದ್ದೆ’ ಎಂದು ಕಣ್ಣಾಡಿಸಿ. ಈ ಕೆಲಸ ಮಕ್ಕಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

• ಊರಿಗೆ ಬರುವಾಗ ಎರಡು ಎಚ್ಚರ. ಕಾಡಿನಿಂದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣವನ್ನು ಭಾರತಕ್ಕೆ ತರಬೇಡಿ. ಇಲ್ಲಿ ಅದಕ್ಕೆ ಸರ್ಕಾರದ ಅನುಮತಿ ಬೇಕು, ಅದಿಲ್ಲದೆ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರವಾಸಿಗಳಿದ್ದಾರೆ. ಇನ್ನೊಂದು, ಬಂಡೀಪುರ, ನಾಗರಹೊಳೆಯಂಥ ಕಾಡುಗಳಲ್ಲಿ ನಕ್ಷೆಯಲ್ಲಿ ದಾರಿ ಕಂಡಿತೆಂದು ಇಳಿದು ನಡೆಯುವಂತಿಲ್ಲ. ಇಲ್ಲಿ ಆಡುವ ಆಸೆಯಾದರೆ ಅರ್ಥ್‌ಕ್ಯಾಶ್ ನೋಡಿ. ಅದರಲ್ಲಿ ಡಬ್ಬಿಯೇ ಇರುವುದಿಲ್ಲ, ನೆಲದ ರಚನೆ ನೋಡಿ ಪ್ರಶ್ನೆಗೆ ಉತ್ತರಿಸಬೇಕು. ಲಾಲ್‌ಬಾಗಿನ ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಯಂಥ ಜಾಗ ಆ ಆಟಕ್ಕೆ ಹೇಳಿಮಾಡಿಸಿದ್ದು.

• ತೆಗೆದುಕೊಂಡಷ್ಟನ್ನು ನಕ್ಷೆಗೆ ವಾಪಸು ಕೊಡಿ. ಮುಚ್ಚಿದ ಗೇಟ್, ಮುರಿದ ಕಾಲುಸಂಕ, ಸಿಕ್ಕ ಒಳ್ಳೆಯ ಪಾರ್ಕಿಂಗ್ ಜಾಗ, ಇವನ್ನು ಅದೇ ದಿನ ಡಬ್ಬಿಯ ಪುಟದಲ್ಲಿ ಬರೆಯಿರಿ. ಡಬ್ಬಿ ಇರುವ ಗುಟ್ಟು ಮಾತ್ರ ಬಿಟ್ಟುಕೊಡಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಲ್ಲದ ಕಾಲುದಾರಿಯನ್ನು ನಡೆದು ಬಂದಿದ್ದರೆ, ಖಾತೆ ತೆರೆದು ಒಂದು ಗೆರೆ ಎಳೆಯಿರಿ. ನೀವು ಆರಾಮವಾಗಿ ತಲುಪಿದ್ದು ಹಿಂದೆ ಹೋದವರು ಹಾಗೆ ಬರೆದಿಟ್ಟದ್ದರಿಂದ. ಮುಂದಿನ ವಾರ ಇನ್ಯಾರದೋ ಅಜ್ಜ, ಮೊಮ್ಮಕ್ಕಳ ಕೈಹಿಡಿದು ಹೊರಡುವವರು, ನೀವು ಬರೆದದ್ದನ್ನು ನಂಬಿ ಬರುತ್ತಾರೆ. ಆದ್ದರಿಂದ ಸರಿಯಾಗಿ ನೋಡಿ, ಸರಿಯಾಗಿ ಬರೆಯಿರಿ.