ಬೆಟ್ಟ ಹತ್ತಿದವರು ಬೆಟ್ಟ ಇಳಿಯಲೇಬೇಕು

ಧ್ಯಾನಕೂಟ, ಸೇವೆ ಮತ್ತು ವಿಶ್ವಾಸದ ನವೀಕರಣ – ಯಾತ್ರಿಕರಿಗಾಗಿ ಒಂದು ಪಾಠ

ಓದಿಕೊಳ್ಳಬೇಕಾದ ಭಾಗಗಳು: ಮಾರ್ಕ 9:2–29, ಮತ್ತಾಯ 25:31–46

ಬೆಟ್ಟದ ಮೇಲಿನ ಪುಣ್ಯಕ್ಷೇತ್ರಕ್ಕೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರ ಕೈಯಲ್ಲಿ ಮೇಣದಬತ್ತಿ, ಇನ್ನೊಬ್ಬರ ಕೈಯಲ್ಲಿ ಹೂವಿನ ಹಾರ. ಕಣ್ಣಿಗೆ ಕಾಣುವುದು ಇಷ್ಟೇ. ಕಾಣದ ಹೊರೆ ಬೇರೆಯೇ ಇರುತ್ತದೆ. ಮಗನ ಕುಡಿತ, ಮಗಳ ಮದುವೆ, ತೀರದ ಸಾಲ, ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದ ಒಂದು ಮಾತು. ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ನಿಂತು, ಮೊಣಕಾಲೂರಿ, ಬೆವರು ಒರೆಸಿಕೊಂಡು ಮೇಲೆ ಬಂದಾಗ ಮನಸ್ಸು ಹಗುರಾಗುತ್ತದೆ. ಗಾಳಿ ತಂಪಾಗಿರುತ್ತದೆ. "ಇಲ್ಲೇ ಇದ್ದುಬಿಡೋಣ ಅನ್ನಿಸುತ್ತೆ" ಎಂದು ಎಷ್ಟೋ ಜನ ಹೇಳುತ್ತಾರೆ.

ಪ್ರೇಷಿತ ಪೇತ್ರನಿಗೂ ಹಾಗೇ ಅನ್ನಿಸಿತು.

ಮೇಲೆ ಬೆಳಕು, ಕೆಳಗೆ ಅಳು

ಯೇಸುಸ್ವಾಮಿ ಪೇತ್ರ, ಯಕೋಬ, ಯೊವಾನ್ನ ಈ ಮೂವರನ್ನು ಮಾತ್ರ ಕರೆದುಕೊಂಡು ಎತ್ತರದ ಬೆಟ್ಟಕ್ಕೆ ಹೋದರು. ಅಲ್ಲಿ ಅವರ ರೂಪ ಬದಲಾಯಿತು, ಉಡುಪು ಬೆಳ್ಳಗೆ ಹೊಳೆಯಿತು, ಮೋಶೆ ಮತ್ತು ಎಲೀಯ ಕಾಣಿಸಿಕೊಂಡರು. ಪೇತ್ರನಿಗೆ ಏನು ಹೇಳಬೇಕೆಂದು ತೋಚದೆ, ಮೂರು ಗುಡಾರ ಹಾಕೋಣ ಎಂದುಬಿಟ್ಟ. ಆದರೆ ಗುಡಾರ ಹಾಕಲು ಸ್ವಾಮಿ ಒಪ್ಪಲಿಲ್ಲ. ಎಲ್ಲರನ್ನೂ ಕರೆದುಕೊಂಡು ಕೆಳಗಿಳಿದರು.

ಕೆಳಗೆ ಏನಿತ್ತು? ಜನರ ಗದ್ದಲ, ಶಾಸ್ತ್ರಿಗಳ ಜೊತೆ ವಾಗ್ವಾದ, ನೆಲಕ್ಕೆ ಬಿದ್ದು ಹೊರಳಾಡುವ ಒಬ್ಬ ಹುಡುಗ, ಅವನ ಪಕ್ಕದಲ್ಲಿ ಸೋತುಹೋದ ತಂದೆ. ಕೆಳಗೇ ಉಳಿದಿದ್ದ ಶಿಷ್ಯರು ಪ್ರಯತ್ನಪಟ್ಟರೂ ಹುಡುಗನನ್ನು ವಾಸಿಮಾಡಲು ಆಗಿರಲಿಲ್ಲ. ಆ ತಂದೆ ತನಗೆ ನಂಬಿಕೆ ಇದೆಯೆಂದೂ, ಆದರೆ ಅದು ಸಾಲದೆಂದೂ ಒಂದೇ ಉಸಿರಿನಲ್ಲಿ ಗೋಳಿಟ್ಟ. ಯೇಸುಸ್ವಾಮಿ ಅಂಥ ಅರೆಕೊರೆ ನಂಬಿಕೆಯನ್ನೂ ತಳ್ಳಿಹಾಕಲಿಲ್ಲ. ಹುಡುಗನ ಕೈಹಿಡಿದು ಎಬ್ಬಿಸಿದರು. ನಮ್ಮಿಂದ ಯಾಕೆ ಆಗಲಿಲ್ಲ ಎಂದು ಶಿಷ್ಯರು ಗುಟ್ಟಾಗಿ ಕೇಳಿದಾಗ, ಇದು ಪ್ರಾರ್ಥನೆಯಿಂದ ಮಾತ್ರ ಆಗುವ ಕೆಲಸ ಎಂದರು.

ಶುಭಸಂದೇಶದಲ್ಲಿ ಈ ಎರಡು ಘಟನೆಗಳು ಒಂದರ ಹಿಂದೆ ಒಂದು ಬರುತ್ತವೆ. ಬೆಟ್ಟದ ಪ್ರಾರ್ಥನೆ ಇಲ್ಲದೆ ಕೆಳಗಿನ ಹುಡುಗನ ಸೇವೆಗೆ ಬಲ ಬರುವುದಿಲ್ಲ. ಕೆಳಗಿನ ಹುಡುಗನನ್ನು ಮರೆತು ಬೆಟ್ಟದ ಮೇಲೆ ಗುಡಾರ ಹಾಕುವುದಕ್ಕೆ ಪ್ರಭುವಿನ ಒಪ್ಪಿಗೆ ಇಲ್ಲ. ಈ ಪಾಠದ ಸಾರವೆಲ್ಲ ಇಷ್ಟರಲ್ಲೇ ಇದೆ.

ಧ್ಯಾನಕೂಟ ಎಂದರೇನು?

ದಿನನಿತ್ಯದ ಗದ್ದಲದಿಂದ ಸ್ವಲ್ಪ ದೂರ ಸರಿದು ದೇವರ ಮುಂದೆ ಸುಮ್ಮನೆ ಕೂರುವುದೇ ಧ್ಯಾನಕೂಟ. ಒಂದು ದಿನದ್ದಿದೆ, ಮೂರು ದಿನದ್ದಿದೆ, ಎಂಟು ದಿನದ್ದಿದೆ, ಮೂವತ್ತು ದಿನದ್ದೂ ಇದೆ. ದೇವರ ವಾಕ್ಯ, ಮೌನ, ಪಾಪನಿವೇದನೆ, ಬಲಿಪೂಜೆ, ಪರಮಪ್ರಸಾದದ ಆರಾಧನೆ, ಗುರುಗಳ ಸಲಹೆ, ಇವು ಅದರ ಅಂಗಗಳು. ಕೆಲವು ಕಡೆ ಹಾಡು, ಸ್ತುತಿ, ಸಾಕ್ಷ್ಯ ಹೆಚ್ಚು. ಕೆಲವು ಕಡೆ ಮೌನವೇ ಹೆಚ್ಚು. ಕ್ರಮ ಯಾವುದೇ ಇರಲಿ, ಕೊನೆಗೆ ಕೇಳಬೇಕಾದ ಪ್ರಶ್ನೆ ಒಂದೇ: ಮನೆಗೆ ಹೋದ ಮೇಲೆ ಏನು ಬದಲಾಯಿತು?

ಪ್ರವಾದಿ ಎಲೀಯನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ (1 ಅರಸುಗಳು 19). ಪ್ರಾಣಭಯದಿಂದ ಓಡಿಹೋಗಿ, ಸಾಕಪ್ಪಾ ಸಾಕು ಎಂದು ಮರದ ಕೆಳಗೆ ಮಲಗಿದ ಅವನಿಗೆ ದೇವರು ಮೊದಲು ಉಪದೇಶ ಕೊಡಲಿಲ್ಲ, ರೊಟ್ಟಿ ನೀರು ಕೊಟ್ಟರು. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದಾಗ, ಬಿರುಗಾಳಿಯಲ್ಲಿ ಅಲ್ಲ, ಭೂಕಂಪದಲ್ಲಿ ಅಲ್ಲ, ಬೆಂಕಿಯಲ್ಲಿ ಅಲ್ಲ, ಮೆಲುದನಿಯಲ್ಲಿ ದೇವರು ಮಾತಾಡಿದರು. ಆ ಮೆಲುದನಿ ಅವನನ್ನು ಗುಹೆಯಲ್ಲೇ ಇರಿಸಿಕೊಳ್ಳಲಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗು, ಮಾಡುವ ಕೆಲಸ ಇದೆ ಎಂದು ಕಳುಹಿಸಿತು.

ಉಗುರು ಕತ್ತರಿಸಿಕೊಂಡ ಸಂತ

ಸಂತ ಇಗ್ನಾಸಿ ಲೊಯೋಲ ಮೊದಲು ಯೋಧರ ಜೀವನ ನಡೆಸಿದವರು. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆಯಲ್ಲಿ ಮಲಗಿ ಕ್ರಿಸ್ತಚರಿತ್ರೆಯನ್ನೂ ಸಂತರ ಚರಿತ್ರೆಗಳನ್ನೂ ಓದುತ್ತ ಅವರ ಮನಸ್ಸು ತಿರುಗಿತು. 1522ರ ಮಾರ್ಚ್‌ನಲ್ಲಿ ಅವರು ಮೊಂಟ್ಸೆರಾಟ್ ಎಂಬ ಬೆಟ್ಟದ ಮೇಲಿನ ದೇವಮಾತೆಯ ಪುಣ್ಯಕ್ಷೇತ್ರಕ್ಕೆ ಬಂದರು. ಮೂರು ದಿನ ಹಿಡಿದು ಇಡೀ ಜೀವನದ ಪಾಪನಿವೇದನೆ ಮಾಡಿದರು. ಬೆಲೆಬಾಳುವ ಬಟ್ಟೆಯನ್ನು ಒಬ್ಬ ಭಿಕ್ಷುಕನಿಗೆ ಕೊಟ್ಟು, ಮಾತೆಯ ಪೀಠದ ಮುಂದೆ ಇಡೀ ರಾತ್ರಿ ಜಾಗರಣೆ ಮಾಡಿ, ತಮ್ಮ ಕತ್ತಿಯನ್ನು ಅಲ್ಲೇ ಬಿಟ್ಟರು.

ಮರುದಿನ ಒಂದು ಸಂಗತಿ ನಡೆಯಿತು. ಆ ಬಡವನ ಮೈಮೇಲೆ ಸಿರಿವಂತರ ಬಟ್ಟೆ ಕಂಡ ಜನ ಅವನನ್ನು ಕಳ್ಳನೆಂದು ಹಿಡಿದರು. ಒಬ್ಬನು ಇಗ್ನಾಸಿಯವರ ಬೆನ್ನಟ್ಟಿ ಬಂದು, ನೀವೇ ಕೊಟ್ಟದ್ದು ನಿಜವೇ ಎಂದು ವಿಚಾರಿಸಿದಾಗ ಅವರ ಕಣ್ಣಲ್ಲಿ ನೀರು ಬಂತು. ಕೊಟ್ಟವರು ಕೊಟ್ಟು ಹೊರಟುಹೋದರು, ತೆಗೆದುಕೊಂಡವನು ಸಿಕ್ಕಿಬಿದ್ದ. ಕೊಡುವುದು ಸುಲಭ. ಆದರೆ ಕೊಟ್ಟದ್ದು ಆ ವ್ಯಕ್ತಿಗೆ ನಿಜವಾಗಿ ಒಳ್ಳೆಯದಾಗುತ್ತದೆಯೇ ಎಂದು ನೋಡುವುದು ಕಷ್ಟ. ಸೇವೆಯ ಮೊದಲ ಪಾಠವನ್ನು ಇಗ್ನಾಸಿಯವರು ಬೆಟ್ಟ ಇಳಿದ ದಿನವೇ ಕಲಿತರು.

ಅಲ್ಲಿಂದ ಮನ್ರೇಸ ಎಂಬ ಊರಿಗೆ ಹೋದರು. ಕೆಲವೇ ದಿನ ಇರಬೇಕೆಂದುಕೊಂಡವರು ಹತ್ತು ತಿಂಗಳಿಗೂ ಹೆಚ್ಚು ಕಾಲ ಅಲ್ಲೇ ಉಳಿದರು. ದಿನಕ್ಕೆ ಏಳು ಗಂಟೆ ಪ್ರಾರ್ಥನೆ, ಕಠಿಣ ಉಪವಾಸ, ಕೂದಲು ಉಗುರು ಕತ್ತರಿಸದ ವ್ರತ. ಇಷ್ಟೆಲ್ಲ ಮಾಡಿದರೂ ಶಾಂತಿ ಸಿಗಲಿಲ್ಲ. ನಿವೇದಿಸಿದ ಪಾಪಗಳೇ ಮತ್ತೆ ಮತ್ತೆ ಚುಚ್ಚಿದವು, ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಕೊನೆಗೆ ದೇವರ ಕರುಣೆ ಅವರನ್ನು ಬಿಡಿಸಿತು. ಜನರ ಜೊತೆ ಮಾತಾಡಿ ಅವರ ಆತ್ಮಗಳಿಗೆ ನೆರವಾಗತೊಡಗಿದಾಗ, ಅದರಿಂದ ಆಗುವ ಫಲ ಕಂಡು, ಅತಿರೇಕದ ವ್ರತಗಳನ್ನು ಬಿಟ್ಟು ಅವರು ಕೂದಲು, ಉಗುರು ಕತ್ತರಿಸಿಕೊಂಡರು. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ತನ್ನ ಪುಣ್ಯದ ಲೆಕ್ಕ ನೋಡುತ್ತಿದ್ದ ಮನುಷ್ಯ ಇನ್ನೊಬ್ಬರ ಮುಖ ನೋಡಲು ಕಲಿತದ್ದು ಆಗಲೇ.

ಮನ್ರೇಸದ ಅನುಭವದಿಂದ ಹುಟ್ಟಿದ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕಕ್ಕೆ 1548ರಲ್ಲಿ ಜಗದ್ಗುರು ಮೂರನೇ ಪೌಲರು ಒಪ್ಪಿಗೆ ಕೊಟ್ಟರು. ಇಂದಿಗೂ ಮೂವತ್ತು ದಿನದ ಧ್ಯಾನಕೂಟ ಅದೇ ಕ್ರಮದಲ್ಲಿ ನಡೆಯುತ್ತದೆ: ಮೊದಲು ಪಾಪ ಮತ್ತು ದೇವರ ಕರುಣೆ, ನಂತರ ಯೇಸುವಿನ ಬಾಳು, ಅವರ ಯಾತನೆ, ಕಡೆಗೆ ಪುನರುತ್ಥಾನ. ಪ್ರೀತಿ ಮಾತಿಗಿಂತ ಕ್ರಿಯೆಯಲ್ಲಿ ಕಾಣಬೇಕು ಎನ್ನುವುದು ಅದರ ಕೊನೆಯ ಧ್ಯಾನದ ತಿರುಳು.

ಡಾರ್ಜಿಲಿಂಗ್ ರೈಲು

ಇನ್ನೊಂದು ಬೆಟ್ಟದ ಕಥೆ ನಮ್ಮ ದೇಶದ್ದೇ. 1946ರ ಸೆಪ್ಟೆಂಬರ್ 10ರಂದು ಲೊರೆಟೊ ಸಭೆಯ ಒಬ್ಬ ಸಿಸ್ಟರ್ ವಾರ್ಷಿಕ ಧ್ಯಾನಕೂಟಕ್ಕೆಂದು ಕಲ್ಕತ್ತದಿಂದ ಡಾರ್ಜಿಲಿಂಗ್‌ಗೆ ರೈಲಿನಲ್ಲಿ ಹೋಗುತ್ತಿದ್ದರು. ಹಿಂದಿನ ತಿಂಗಳಷ್ಟೇ ಕಲ್ಕತ್ತದ ಬೀದಿಗಳಲ್ಲಿ ಗಲಭೆಯಿಂದ ರಕ್ತ ಹರಿದಿತ್ತು. ಆ ಪ್ರಯಾಣದಲ್ಲಿ, ಮಠದ ಗೋಡೆ ಬಿಟ್ಟು ಕಡುಬಡವರ ನಡುವೆ ಬಾಳಬೇಕೆಂಬ ಕರೆ ಅವರಿಗೆ ಬಂತು. ಅವರೇ ಮದರ್ ತೆರೇಸಾ.

ಕರೆ ಬಂತೆಂದು ಅವರು ಮಾರನೇ ದಿನವೇ ಹೊರಟುಬಿಡಲಿಲ್ಲ. ಧ್ಯಾನಕೂಟ ಮುಗಿಸಿ ಬಂದು ಆತ್ಮಗುರುಗಳಿಗೆ ತಿಳಿಸಿದರು. ವಿಷಯ ಮಹಾಧರ್ಮಾಧ್ಯಕ್ಷರ ಮುಂದೆ ಹೋಯಿತು, ರೋಮಿಗೂ ಹೋಯಿತು. ಸುಮಾರು ಎರಡು ವರ್ಷ ಕಾದರು. 1948ರ ಆಗಸ್ಟ್‌ನಲ್ಲಿ ಮಠ ಬಿಟ್ಟು, ಪಾಟ್ನಾದಲ್ಲಿ ರೋಗಿಗಳ ಶುಶ್ರೂಷೆ ಕಲಿತು, ಅದೇ ವರ್ಷದ ಕೊನೆಯಲ್ಲಿ ಕೊಳೆಗೇರಿಗೆ ಕಾಲಿಟ್ಟರು. 1950ರ ಅಕ್ಟೋಬರ್ 7ರಂದು ಅವರ ಸಭೆಗೆ ಮನ್ನಣೆ ಸಿಕ್ಕಿತು. ಧ್ಯಾನಕೂಟದಲ್ಲಿ ಮನಸ್ಸು ಉಕ್ಕಿದಾಗ ಆತುರದ ತೀರ್ಮಾನ ಮಾಡುವವರು ಇದನ್ನು ಗಮನಿಸಬೇಕು. ದೇವರಿಂದ ಬಂದ ಕರೆ ಕಾಯುವುದರಿಂದ ಸಾಯುವುದಿಲ್ಲ.

ಇನ್ನೊಂದು ಸತ್ಯ ಜಗತ್ತಿಗೆ ಚೆನ್ನಾಗಿ ತಿಳಿದದ್ದು 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಪ್ರಕಟವಾದಾಗ. ಬಡವರ ಸೇವೆ ಶುರುವಾದ ಮೇಲೆ ಹಲವು ದಶಕ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಸವಿ ಸಿಗಲಿಲ್ಲ. ಒಳಗೆಲ್ಲ ಕತ್ತಲು. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ, ರೋಗಿಯ ಹುಣ್ಣು ತೊಳೆಯುವುದನ್ನೂ ಬಿಡಲಿಲ್ಲ. 1973ರಿಂದ ಅವರ ಸಭೆಯ ಮನೆಗಳಲ್ಲಿ ಪ್ರತಿದಿನ ಒಂದು ಗಂಟೆ ಪರಮಪ್ರಸಾದದ ಆರಾಧನೆ ಸೇರಿಕೊಂಡಿತು. 2016ರ ಸೆಪ್ಟೆಂಬರ್ 4ರಂದು ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಬೆಟ್ಟದ ಮೇಲೆ ಕಣ್ಣೀರು ಬರಲಿಲ್ಲ, ಏನೂ ಅನ್ನಿಸಲಿಲ್ಲ ಎಂದು ಕೊರಗುವ ಯಾತ್ರಿಕರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ. ಅನ್ನಿಸುವುದೇ ವಿಶ್ವಾಸವಲ್ಲ. ಏನೂ ಅನ್ನಿಸದ ದಿನವೂ ಕೈಬಿಡದೆ ನಡೆಯುವುದು ವಿಶ್ವಾಸ.

ಕಂಕನಾಡಿಯ ಆಲದ ಮರ

ಕರ್ನಾಟಕದಲ್ಲೂ ಇಂಥ ಸಾಕ್ಷಿ ಇದೆ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫಾದರ್ ಅಗಸ್ಟಸ್ ಮುಲ್ಲರ್ ಒಬ್ಬರು. ಬಂದದ್ದು ಪಾಠ ಹೇಳುವ ಕೆಲಸಕ್ಕೆ. ಆದರೆ ರೋಗಿಗಳ ಪಾಡು ನೋಡಿ ಸುಮ್ಮನಿರಲು ಆಗಲಿಲ್ಲ. 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಜನ ಮುಟ್ಟಲು ಹೆದರುತ್ತಿದ್ದ ಕಾಲ ಅದು. ಅವರು 1910ರಲ್ಲಿ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಯೇಸುಸಭೆಯವರು ಪ್ರತಿ ವರ್ಷ ಎಂಟು ದಿನ ಇಗ್ನಾಸಿಯವರ ಕ್ರಮದಲ್ಲಿ ಧ್ಯಾನಕೂಟ ಮಾಡುತ್ತಾರೆ. ಮನ್ರೇಸದಲ್ಲಿ ಹೊರಟ ತೊರೆ ಕಂಕನಾಡಿಯ ರೋಗಿಯ ಬಾಯಿಗೂ ನೀರಾಯಿತು.

ಮನೆಗೆ ಹೋದ ಮೇಲೆ

ಎಷ್ಟೋ ಮನೆಗಳಲ್ಲಿ ನಡೆಯುವ ಮಾತು ಇದು. ಸೊಸೆ ಐದು ದಿನದ ಧ್ಯಾನಕೂಟ ಮುಗಿಸಿ ಬಂದಿದ್ದಾಳೆ. ಮುಖದಲ್ಲಿ ಕಳೆ ಇದೆ, ಕೈಯಲ್ಲಿ ಹೊಸ ಜಪಸರ ಇದೆ. ಅಕ್ಕಪಕ್ಕದವರಿಗೆಲ್ಲ ಅಲ್ಲಿನ ವಿಷಯ ಹೇಳುತ್ತಿದ್ದಾಳೆ. ಒಳಕೋಣೆಯಿಂದ ಹಾಸಿಗೆ ಹಿಡಿದ ಅತ್ತೆಯ ದನಿ: "ಎಲ್ಲರಿಗೂ ಪ್ರಾರ್ಥನೆ ಮಾಡ್ಕೊಂಡು ಬಂದ್ಯಲ್ಲ ಮಗಳೇ, ನಂಗೊಂದು ಲೋಟ ಬಿಸಿನೀರು ಕೊಡ್ತೀಯಾ?" ಧ್ಯಾನಕೂಟ ಫಲಿಸಿತೋ ಇಲ್ಲವೋ ಎನ್ನುವುದು ಆ ಬಿಸಿನೀರಿನಲ್ಲಿ ಗೊತ್ತಾಗುತ್ತದೆ. ಮಗನಿಗೂ ಇದೇ ಪರೀಕ್ಷೆ. ಹೆತ್ತ ತಾಯಿಯ ಹಾಸಿಗೆ ಸರಿಪಡಿಸುವುದು ಹೆಂಡತಿಯ ಕೆಲಸ ಎಂದು ಪೇಪರ್ ಹಿಡಿದು ಕೂರುವವನು ಇನ್ನೂ ಬೆಟ್ಟ ಇಳಿದಿಲ್ಲ.

ಬೆಟ್ಟ ಇಳಿಯುವ ಯಾತ್ರಿಕರಿಗೆ ಕೆಲವು ಸಲಹೆಗಳು:

1. ರಾಜಿ ಮೊದಲು. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಸಹೋದರನ ಜೊತೆ ರಾಜಿಯಾಗಿ ಬಾ ಎಂದು ಪ್ರಭು ಕಲಿಸಿದ್ದಾರೆ (ಮತ್ತಾಯ 5:23–24). ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಮೊದಲು ಮಾತಾಡುವವರೇ ಧನ್ಯರು.

2. ತೀರಿಸಬೇಕಾದ್ದನ್ನು ತೀರಿಸುವುದು. ಜಕ್ಕಾಯ ಬರೀ ಅತ್ತು ಸುಮ್ಮನಾಗಲಿಲ್ಲ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದ (ಲೂಕ 19). ಕೂಲಿಯವರ ಬಾಕಿ ಇಟ್ಟುಕೊಂಡು ದೊಡ್ಡ ಮೇಣದಬತ್ತಿ ಹಚ್ಚಿದರೆ ಪ್ರಯೋಜನವಿಲ್ಲ.

3. ಸಣ್ಣ ಸೇವೆ, ಆದರೆ ತಪ್ಪದ ಸೇವೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಾಮ್ ಮತ್ತು ಗೆಳೆಯರು ಬಡವರ ಮನೆಗಳಿಗೆ ಭೇಟಿ ಕೊಡುವ ಕೆಲಸ ಆರಂಭಿಸಿದರು. ಅದೇ ಸಂತ ವಿನ್ಸೆಂಟ್ ದಿ ಪೌಲ್ ಸಭೆಯಾಗಿ ಇಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿದೆ. ವಾರಕ್ಕೆ ಒಂದು ಗಂಟೆ, ಒಂದು ಮನೆ. ಇಷ್ಟು ಸಾಕು, ಆದರೆ ಬಿಡಬಾರದು.

4. ಜಾತಿ ಮತ ಕೇಳದ ಸೇವೆ. ಕೊನೆಯ ನ್ಯಾಯತೀರ್ಪಿನಲ್ಲಿ ಹಸಿದವರಿಗೆ ಊಟ ಕೊಟ್ಟೆಯಾ, ರೋಗಿಯನ್ನು ನೋಡಿಕೊಂಡೆಯಾ ಎಂಬುದೇ ವಿಚಾರಣೆ. ಆ ಹಸಿದವರು ಯಾವ ಜನ ಎಂಬ ಪ್ರಶ್ನೆ ಅಲ್ಲಿಲ್ಲ. ಕೊಡುವಾಗ ಫೋಟೋ ತೆಗೆಸಿಕೊಳ್ಳುವ ಅಗತ್ಯವೂ ಇಲ್ಲ.

5. ಪ್ರಾರ್ಥನೆಯ ಜೊತೆ ಔಷಧಿ. ಹರಕೆ ಹೊತ್ತೆವೆಂದು ಸಕ್ಕರೆ ಕಾಯಿಲೆ, ಫಿಟ್ಸ್, ಮನೋರೋಗದ ಮಾತ್ರೆ ನಿಲ್ಲಿಸಬಾರದು. ವೈದ್ಯರೂ ಔಷಧಿಯೂ ದೇವರ ಕೊಡುಗೆ ಎಂದು ಸಿರಾಖನ ಗ್ರಂಥ 38ನೇ ಅಧ್ಯಾಯ ಹೇಳುತ್ತದೆ.

6. ರಾತ್ರಿ ಹತ್ತು ನಿಮಿಷದ ಆತ್ಮಪರಿಶೀಲನೆ. ದಿನದ ಒಳಿತಿಗೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಬೆಳಗಿನಿಂದ ನೆನೆಯುವುದು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ತೀರ್ಮಾನ. ಇದು ಮನೆಯಲ್ಲೇ ಮಾಡುವ ಪುಟ್ಟ ಧ್ಯಾನಕೂಟ.

ಧ್ಯಾನಕ್ಕೆ ಪ್ರಶ್ನೆಗಳು

ಈ ಬೆಟ್ಟಕ್ಕೆ ಹೊತ್ತು ತಂದ ಭಾರ ಯಾವುದು? ಕೆಳಗೆ ಕಾಯುತ್ತಿರುವವರು ಯಾರು? ಈ ವಾರದೊಳಗೆ ಯಾರ ಮನೆ ಬಾಗಿಲು ತಟ್ಟಬೇಕು?

ಪ್ರಾರ್ಥನೆ

ಪ್ರಭು ಯೇಸುವೇ, ನಿಮ್ಮ ಬೆಳಕನ್ನು ನೋಡಲು ನಮ್ಮನ್ನು ಬೆಟ್ಟಕ್ಕೆ ಕರೆತಂದಿರಿ. ಇಳಿಯುವಾಗಲೂ ಜೊತೆಗೆ ಬನ್ನಿ. ನಮ್ಮ ನಂಬಿಕೆ ಸಣ್ಣದು, ಅದನ್ನು ಬೆಳೆಸಿರಿ. ಅಳುವವರ ಮುಂದೆ ನಮ್ಮ ಕಾಲು ನಿಲ್ಲಲಿ, ಬಿದ್ದವರ ಕಡೆಗೆ ನಮ್ಮ ಕೈ ಚಾಚಲಿ. ದೇವಮಾತೆ ಮರಿಯಮ್ಮನವರು ಎಲಿಜಬೇತಮ್ಮನವರ ಮನೆಗೆ ಅವಸರವಾಗಿ ನಡೆದುಹೋದಂತೆ, ನಾವೂ ಇಲ್ಲಿಂದ ನೆರೆಮನೆಗೆ ನಡೆದುಹೋಗುವಂತೆ ಮಾಡಿರಿ. ಆಮೆನ್.