ಹೊಲದ ಗಾಯ ಕೀವಾದಾಗ



ಹತ್ತಿ ಕಟ್ಟಿಗೆ ಕಿತ್ತು ಹೊಲ ಹಸನು ಮಾಡುವ ದಿನಗಳಲ್ಲಿ ಕಲ್ಮಲದ ಸುತ್ತಿನ ಎರೆಹೊಲಗಳಲ್ಲಿ ಕೂಳೆ ಚುಚ್ಚದ ಕಾಲು ಅಪರೂಪ. ಮಾನ್ವಿಯ ಕಡೆ ಕಾಲುವೆ ನೀರಿನ ಗದ್ದೆಗಳಲ್ಲಿ ಕುಡುಗೋಲಿನ ಗಾಯ ಇದ್ದದ್ದೇ. ಇಷ್ಟಕ್ಕೆಲ್ಲ ದವಾಖಾನೆಯೇ ಎಂದು ಕೈಗೆ ಸಿಕ್ಕದ್ದನ್ನು ಮೆತ್ತಿ ನಾವು ಮತ್ತೆ ಕೆಲಸಕ್ಕೆ ನಿಲ್ಲುತ್ತೇವೆ.

ಮೆತ್ತುವುದೇನು? ಬೀಡಿಯ ಬೂದಿ, ಸುಣ್ಣ, ಚಹಾಪುಡಿ, ಕೆಲವೆಡೆ ಸಗಣಿ. ಈಚೆಗೆ ಅಂಗಡಿಯಿಂದ ಕ್ಯಾಪ್ಸೂಲ್ ತಂದು ಬಿಚ್ಚಿ ಪುಡಿ ಉದುರಿಸುವುದೂ ಸೇರಿದೆ. ಹೋದ ಹಂಗಾಮಿನಲ್ಲಿ ರೈತರೊಬ್ಬರು ನನಗೆ ಕಾಲು ತೋರಿಸಿದರು. ಪುಡಿ ಒಣಗಿ ಹಕ್ಕಳೆ ಕಟ್ಟಿತ್ತು. ಹಕ್ಕಳೆಯ ಕೆಳಗೆ ಕೀವು ತುಂಬಿತ್ತು. ಎತ್ತಿನ ಹೆಗಲ ಹುಣ್ಣನ್ನು ದಿನಕ್ಕೆರಡು ಸಲ ತೊಳೆಯುವ ಆ ಮನುಷ್ಯರು ತಮ್ಮ ಕಾಲನ್ನು ನಾಲ್ಕು ದಿನ ತೊಳೆದಿರಲಿಲ್ಲ!

ಗಾಯದಲ್ಲಿ ಉಳಿದ ಮಣ್ಣು, ಮುಳ್ಳು, ಸತ್ತ ಮಾಂಸ ಇವೇ ರೋಗಾಣುಗಳ ಮನೆ. ಮನೆ ಹಾಗೆಯೇ ಇದ್ದರೆ ಮೇಲೆ ಎಂಥ ಔಷಧಿ ಹಚ್ಚಿದರೂ ಅದು ಒಳಗೆ ಮುಟ್ಟದು. ಆದ್ದರಿಂದ ಮೊದಲ ಔಷಧಿ ನೀರು. ಕೈ ತೊಳೆದುಕೊಂಡು, ಕುಡಿಯಲು ಯೋಗ್ಯವಾದ ನೀರನ್ನು ಗಾಯದ ಮೇಲೆ ಐದರಿಂದ ಹತ್ತು ನಿಮಿಷ ಧಾರೆಯಾಗಿ ಬಿಡಬೇಕು. ಸುತ್ತಲಿನ ಚರ್ಮಕ್ಕೆ ಸಾಬೂನು ಸಾಕು. ಅರ್ಧ ಲೀಟರ್ ನೀರು ಕುದಿಸಿ, ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು ಹಾಕಿ ಆರಿಸಿಟ್ಟುಕೊಂಡರೆ ಮರುದಿನದ ತೊಳೆಯುವಿಕೆಗೂ ಆಯಿತು. ಬುರುಗು ಬರುವ ಪೆರಾಕ್ಸೈಡನ್ನೂ ಸ್ಪಿರಿಟ್ಟನ್ನೂ ದಿನವೂ ಸುರಿಯತಕ್ಕದ್ದಲ್ಲ. ಅವು ಹೊಸದಾಗಿ ಚಿಗುರುವ ಮಾಂಸವನ್ನೂ ಸುಡುತ್ತವೆ.

ತೊಳೆದ ಮೇಲೆ ಪೋವಿಡೋನ್ ಅಯೋಡಿನ್ ಮುಲಾಮನ್ನು ತೆಳ್ಳಗೆ ಹಚ್ಚಿ, ದವಾಖಾನೆಯ ಜಾಳಿಗೆ ಬಟ್ಟೆ ಕಟ್ಟಬಹುದು. ಅದಿಲ್ಲದಿದ್ದರೆ ಹಳೆಯ ಧೋತರದ ತುಂಡನ್ನು ಕುದಿಸಿ, ಬಿಸಿಲಿಗೆ ಒಣಗಿಸಿ ಬಳಸಿರಿ. ಪಟ್ಟಿ ಒದ್ದೆಯಾದರೆ ಬದಲಿಸಿರಿ. ಸುಟ್ಟ ಗಾಯಕ್ಕೆ ಬೆಳ್ಳಿ ಸೇರಿದ ಮುಲಾಮು, ಕೆಲವು ಹುಣ್ಣುಗಳಿಗೆ ಜೇನಿನ ಪಟ್ಟಿ ಇವೆ. ಆದರೆ ಅದು ಗಾಯಕ್ಕೆಂದೇ ರೋಗಾಣು ಕಳೆದು ಶುದ್ಧಮಾಡಿದ ಜೇನು, ಹುಟ್ಟಿನಿಂದ ಹಿಂಡಿದ್ದಲ್ಲ. ಯಾವುದು ಬೇಕೆಂಬುದನ್ನು ವೈದ್ಯರಿಗೆ ಬಿಡುವುದು ಲೇಸು.

ಇನ್ನು ಮಾತ್ರೆಯ ಮಾತು. ತೊಳೆದು ಸ್ವಚ್ಛವಾಗಿಟ್ಟ ಸಣ್ಣ ಗಾಯಕ್ಕೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಬೇಕಾದಾಗ ಮಾತ್ರ ಅರ್ಧಕ್ಕೆ ಬಿಡಕೂಡದು. 1941ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮುಖದ ಸೋಂಕು ಏರಿ ಸಾಯುವಂತಿದ್ದ ಪೊಲೀಸನೊಬ್ಬನಿಗೆ ಪೆನಿಸಿಲಿನ್ ಕೊಟ್ಟರು. ಆತ ಚೇತರಿಸಿಕೊಂಡ. ಆದರೆ ಆಗ ಇದ್ದ ಔಷಧಿಯೇ ಸ್ವಲ್ಪ, ಅದು ಮುಗಿದುಹೋಯಿತು. ರೋಗ ಮರಳಿತು, ಆತ ತೀರಿಕೊಂಡ. ಅವನಿಗೆ ಔಷಧಿ ಸಿಗಲಿಲ್ಲ. ನಾವೋ, ಸಿಕ್ಕದ್ದನ್ನು ಎರಡು ದಿನ ನುಂಗಿ ಉಳಿದದ್ದನ್ನು ಗೂಡಿನಲ್ಲಿಡುತ್ತೇವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿಯೇ ಎಚ್ಚರಿಸಿದ್ದರು: ಕಡಿಮೆ ಪ್ರಮಾಣದ ಔಷಧಿ ತಿಂದ ರೋಗಾಣು ಸಾಯದೆ ಪಳಗುತ್ತದೆ. ಹಾಗೆ ಪಳಗಿದ್ದು ಮನೆಯ ಕೂಸಿಗೂ ಹತ್ತಬಹುದು.

ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುತ್ತದೆ. ಆಳವಾಗಿ ಚುಚ್ಚಿದ ಇಲ್ಲವೆ ಮಣ್ಣು ಹೊಕ್ಕ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ಅಥವಾ ಯಾವಾಗ ಹಾಕಿಸಿದ್ದೆಂಬುದೇ ನೆನಪಿಲ್ಲದಿದ್ದರೆ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಕೆಂಪು ದಿನದಿನಕ್ಕೆ ಹರಡುವುದು, ಕಾಲಿನ ಮೇಲೆ ಕೆಂಪು ಗೆರೆ ಏರುವುದು, ತೊಡೆಸಂದಿಯಲ್ಲಿ ಗಂಟು, ಚಳಿಜ್ವರ, ದುರ್ವಾಸನೆ, ಕಪ್ಪಾದ ಚರ್ಮ ಇವುಗಳಲ್ಲಿ ಒಂದು ಕಂಡರೂ ಮನೆಯ ಉಪಚಾರ ನಿಲ್ಲಿಸಿ ದವಾಖಾನೆಗೆ ಹೊರಡಿರಿ. ಸಕ್ಕರೆ ಕಾಯಿಲೆ ಇದ್ದವರು ಇಷ್ಟು ಕಾಯಲೂಬಾರದು. ಅವರ ಪಾದ ಜೋಮು ಹಿಡಿದು ನೋವೇ ತಿಳಿಯದಿರಬಹುದು. ಹೋಗುವಾಗ ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಯನ್ನು ಜೊತೆಗೆ ಒಯ್ಯಿರಿ.